ಪಟ್ಟಿ ಕಟ್ಟುವ ಕೈ

ಆ ಮುಂಜಾನೆ ಸೊಲ್ಲಾಪುರದಲ್ಲಿ ಮೈ ಕೊರೆಯುವ ಚಳಿ. ಗಿರಣಿಯ ಹೊಗೆ ಮೇಲೇರಲಾರದೆ ಬೀದಿಗಿಳಿದು, ಡಾಕ್ಟರ್ ಲೀಲಾಬಾಯಿಯವರ ಆಸ್ಪತ್ರೆಯ ಕಿಟಕಿಗಳಿಗೆ ಅಂಟಿಕೊಂಡಿತ್ತು. ಆ ಮಬ್ಬಿನಲ್ಲೇ ಕಂಪೌಂಡರ್ ಅಮೃತಪ್ಪ ಮುದುಕಿಯ ಮಣಿಕಟ್ಟು ಹಿಡಿದ.

“ಮುಷ್ಟಿ ಬಿಚ್ಚರಿ, ಆಯಿ.”

ಗುರಮ್ಮ ಬಿಚ್ಚಲಿಲ್ಲ. ಎದುರಿನ ಮಂಚದಲ್ಲಿ ಆಕೆಯ ಸೊಸೆ ಕಲ್ಯಾಣಮ್ಮ ಜ್ವರದ ನಿದ್ದೆಯಲ್ಲಿದ್ದಳು. ಎದೆಯ ಗಾಯಕ್ಕೆ ಕಟ್ಟಿದ ಪಟ್ಟಿಯ ಅಂಚಿಗೆ ಒಂದು ಚಿಟಿಕೆ ಬೂದಿ ಬಿದ್ದಿತ್ತು.

“ಸ್ವಾಮಿಯ ಅಂಗಾರ, ಪ್ರಸಾದದ ಬೂದಿ ಐತೋ ಯಪ್ಪಾ. ಅಮಾಸಿಗೆ ಅಕ್ಕಲಕೋಟಕ್ಕ ಹೋಗಿ ಮೂರು ದಿನ ಇದ್ದು ಬಂದು ನೀನಽ ಎಲ್ಲಾರಿಗೂ ಹಂಚಿದಿಯಲ್ಲ, ಅದಽ.”

“ಹಣಿಗೆ ಹಚ್ಚಾಕ ಕೊಟ್ಟಿದ್ದೆ. ಗಾಯಕ್ಕಲ್ಲ.”

“ಹಣಿಗೇ ಹಚ್ಚಾಕತ್ತಿದ್ದೆ. ಕೈ ನಡಗತಾವು, ಉದುರಿತು.”

ಉದುರಿತೋ, ಉದುರಿಸಿದಳೋ. ಅಮೃತಪ್ಪ ಕೈ ಬಿಟ್ಟ. ಅನುಮಾನ ಬಿಡಲಿಲ್ಲ.

ಕಲ್ಯಾಣಮ್ಮ ವಳಸಂಗಕ್ಕೆ ಕೊಟ್ಟ ಹೆಣ್ಣು. ಇಪ್ಪತ್ತೆರಡರ ಪ್ರಾಯ. ಚಿಕ್ಕಂದಿನ ಕೀಲುಜ್ವರದಿಂದ ಹೃದಯದ ಕವಾಟ ಬಿಗಿದು, ನಾಲ್ಕು ಹೆಜ್ಜೆ ನಡೆದರೆ ಉಸಿರು ನಿಲ್ಲುತ್ತಿತ್ತು. ಮುಂಬಯಿಯ ದೊಡ್ಡ ಡಾಕ್ಟರು ಬಂದು, ಎದೆ ಕೊಯ್ದು, ಬಡಿಯುವ ಹೃದಯದೊಳಗೆ ಬೆರಳಿಟ್ಟು ಆ ಕವಾಟ ಬಿಡಿಸಿ ಹೋಗಿದ್ದರು. ದೇವರು ಆ ಬೆರಳಲ್ಲಿ ಕೂತಿದ್ದ, ಎಂದು ಜನ ಕೈ ಮುಗಿದರು. ನಾಲ್ಕನೆಯ ದಿನ ಗಾಯದಲ್ಲಿ ಕೀವು ಕಂಡಿತು. ಪೆನ್ಸಿಲಿನ್ ಚುಚ್ಚಿ ಚುಚ್ಚಿ ತೋಳು ಕಲ್ಲಾಯಿತು, ಕೀವು ಜಗ್ಗಲಿಲ್ಲ.

“ಈಗ ತೊಗಲಾಗ ಐತಿ,” ಎಂದಿದ್ದರು ಲೀಲಾಬಾಯಿ. “ಎಲುವು ದಾಟಿ ಒಳಗ ಇಳೀತಂದ್ರ ಹುಡುಗಿ ನಮ್ಮ ಕೈಯಾಗ ಇಲ್ಲ.”

ಆ ಮಾತು ಅಮೃತಪ್ಪನನ್ನು ಚುಚ್ಚಿತ್ತು. ಇಪ್ಪತ್ತು ವರ್ಷ ಪಟ್ಟಿ ಕಟ್ಟಿದ ಕೈ ಅದು. ಚಿಮಟವನ್ನು ಕುದಿಸುತ್ತಿದ್ದ, ಬಟ್ಟೆಯನ್ನು ಕುದಿಸುತ್ತಿದ್ದ, ಚರ್ಮ ಸುಲಿಯುವಂತೆ ಕೈ ತಿಕ್ಕಿ ತೊಳೆಯುತ್ತಿದ್ದ. ಮನಸ್ಸು ಬಹಳ ಮೆತ್ತಗೆ. ಸ್ಪಿರಿಟ್ ತಾಗಿ ರೋಗಿ ಚೀರಿದರೆ, ಗಾಯದ ಮೇಲೆ ಬಾಗಿ, ಅಕ್ಕಲಕೋಟದ ಸ್ವಾಮಿಯ ಹೆಸರು ಹೇಳಿ, ಕೂಸಿಗೆ ತಾಯಿ ಊದುವಂತೆ ಊದುತ್ತಿದ್ದ. ನರ್ಸುಗಳು ಕಟ್ಟಲು ಬಂದರೆ ಕಲ್ಯಾಣಮ್ಮ ಒಪ್ಪುತ್ತಿರಲಿಲ್ಲ. “ಅಣ್ಣಾನಽ ಬರಲಿ,” ಎನ್ನುತ್ತಿದ್ದಳು.

ಮುದುಕಿಯ ಮೇಲೆ ಅವನ ಕಣ್ಣು ಬೀಳಲು ಕಾರಣವಿತ್ತು. ಮದುವೆಯಾಗಿ ಮೂರು ವರ್ಷ, ಸೊಸೆಯ ಮಡಿಲು ತುಂಬಿರಲಿಲ್ಲ. ಗುರಮ್ಮ ಊರ ಹೆಂಗಸೊಬ್ಬಳಿಗೆ ಹೇಳಿದ್ದನ್ನು ಅವನ ಕಿವಿಯೇ ಕೇಳಿತ್ತು: “ಇಕಿ ಇಲ್ಲಂದ್ರ ನನ್ನ ಮಗ ಸಿದ್ದಣ್ಣಗ ಇನ್ನೊಂದು ಹೆಣ್ಣು ಎಲ್ಲಿ ಹುಡಕಲೇ ಯವ್ವಾ?”

ಹುಡುಕುವ ಯೋಚನೆ ಆಗಲೇ ಶುರುವಾಗಿದೆ, ಅಂದುಕೊಂಡ ಅಮೃತಪ್ಪ. ಅದೇ ಮಧ್ಯಾಹ್ನ ಡಾಕ್ಟರ ಮುಂದೆ ನಿಂತ.

“ಬಾಯಿಸಾಹೇಬ, ಅಮಾಸಿಗೆ ಮುದುಕಿ ವಳಸಂಗಕ್ಕ ಹೋಗಿ ಮೂರು ದಿನ ಇರಲಿಲ್ಲ. ಆ ಮೂರು ದಿನ ಗಾಯ ಒಣಗಿತ್ತು, ನೀವಽ ನೋಡೀರಿ. ತಿರುಗಿ ಬಂದ್ಲು, ಮರುದಿನಾನಽ ಕೀವು. ಇನ್ನೇನ ಪುರಾವೆ ಬೇಕ್ರಿ?”

ಲೀಲಾಬಾಯಿ ಆ ಮೂರು ದಿನದ ಟಿಪ್ಪಣಿ ತಿರುವಿ ನೋಡಿದರು. “ಹೊರಗ ಕೂಡ್ಸು,” ಎಂದರು.

ಗುರಮ್ಮ ಅಂಗಳದ ಬೇವಿನ ಬುಡಕ್ಕೆ ಬಿದ್ದಳು. ಜಗಳವಾಡಲಿಲ್ಲ. ಅವನು ಹಾದುಹೋದಾಗಲೆಲ್ಲ ಒಂದೇ ಪ್ರಶ್ನೆ: “ಕೀವು ನಿಂತಿತೇನೋ?”

“ನಿಮಗ್ಯಾಕ ಆ ಚಿಂತಿ? ಜಪಾ ಮಾಡ್ರಿ.”

ನಾಲ್ಕು ದಿನ ಕಳೆಯಿತು. ಕೀವು ಹೆಚ್ಚಿತು. ಮುದುಕಿ ಯಾರದೋ ಕೈಯಲ್ಲಿ ಬೂದಿ ಕಳಿಸುತ್ತಿದ್ದಾಳೆ ಎಂದು ಅಮೃತಪ್ಪ ದಿಂಬು ಕೊಡವಿದ, ಹಾಸಿಗೆ ಜಾಲಾಡಿದ, ಬಾಗಿಲಲ್ಲಿ ಸಿದ್ದಣ್ಣನ ಜೇಬನ್ನೂ ಬಿಡಲಿಲ್ಲ. ಒಂದು ಕಣವೂ ಸಿಗಲಿಲ್ಲ.

ಐದನೆಯ ದಿನ ಲೀಲಾಬಾಯಿ ಗಾಜಿನ ನಳಿಕೆಗಳನ್ನು ಅವನ ಮುಂದಿಟ್ಟರು. “ಕಣ್ಣಿಗೆ ಕಾಣದ ಇಂಥಾ ಕೀವಿನ ಹುಳಾ ಗಟ್ಟಿಮುಟ್ಟಾದವರ ಮೂಗಿನ್ಯಾಗೂ ಮನಿ ಮಾಡಿರತಾವು. ಅವರಿಗೆ ಗೊತ್ತೂ ಇರೂದಿಲ್ಲ. ಆ ಮಂಚದ ಹತ್ರ ಹೋದವರದೆಲ್ಲಾ ಮೂಗಿನ ಸಿಂಬಳಾ ಹತ್ತಿ ಸುತ್ತಿದ ಕಡ್ಡಿಲೆ ತಗಿ. ಹೆಸರು ಬರಿ. ಯಾರನ್ನೂ ಬಿಡಬ್ಯಾಡ. ಗಾಯದ ಕೀವಿನ ಜೋಡಿ ತಪಾಸಕ್ಕ ಪುಣೆಕ್ಕ ಕಳಸೋಣ.”

ಅಮೃತಪ್ಪನಿಗೆ ಹುರುಪು ಬಂತು. ಮೊದಲು ಹೋದದ್ದೇ ಬೇವಿನ ಬುಡಕ್ಕೆ.

“ಮೂಗಿನ್ಯಾಗ ಏನ ಹುಡಕತೀಯೋ ಮಾರಾಯಾ?” ಗುರಮ್ಮ ಸೀನಿದಳು. “ನಿನ್ನ ಹೆಂಡ್ತಿ ನತ್ತು ಕಳದೈತೇನು?”

“ಸಿಕ್ಕಾಗ ಹೇಳತೀನಿ.”

ಸಿದ್ದಣ್ಣ, ಇಬ್ಬರು ನರ್ಸುಗಳು, ಕಸ ಗುಡಿಸುವ ಇಂದುಬಾಯಿ, ಗಂಜಿ ತರುವವಳು, ಕೊನೆಗೆ ಡಾಕ್ಟರಮ್ಮ ತಾವೇ ಮುಖ ಮುಂದೆ ಮಾಡಿದರು. ಯಾರನ್ನೂ ಬಿಡಬೇಡ ಎಂದಿದ್ದರು. ಅಮೃತಪ್ಪ ಸ್ವಾಮಿಗೆ ಅಂಜುವ ಮನುಷ್ಯ, ಯಾರನ್ನೂ ಬಿಡಲಿಲ್ಲ.

ವಾರದೊಳಗೆ ಪುಣೆಯಿಂದ ಕಾಗದ ಬಂತು. ಲೀಲಾಬಾಯಿ ಎರಡು ಸಲ ಓದಿ ಕನ್ನಡಕ ತೆಗೆದರು.

“ಗಾಯದಾಗಿನ ಹುಳಾ ಪೆನ್ಸಿಲಿನ್ನಿಗೆ ಸಾಯೂದಿಲ್ಲಂತ. ಬ್ಯಾರೆ ಗುಳಿಗಿ ಬರದಾರ, ಇವತ್ತಽ ತರಸ್ತೀನಿ. ಹುಡುಗಿ ಉಳೀತಾಳ. ಅದಽ ಹುಳಾ ಒಬ್ಬರ ಮೂಗಿನ್ಯಾಗೂ ಸಿಕ್ಕೈತಿ. ಒಬ್ಬರದಽ.”

“ನಾ ಹೇಳಿದ್ದಿಲ್ಲೇನ್ರಿ!” ಅಮೃತಪ್ಪ ಕೈ ಚಾಚಿದ. “ಮುದುಕೀನ ಇವತ್ತಽ ಬಸ್ ಹತ್ತಸ್ತೀನಿ.”

ಡಾಕ್ಟರು ಕಾಗದ ಕೊಟ್ಟರು. ಅವನು ನಿಂತೇ ಓದಿದ. ಕಿಟಕಿಯ ಬೆಳಕಿಗೆ ಹಿಡಿದು ಮತ್ತೊಮ್ಮೆ ಓದಿದ. ಆಮೇಲೆ ಅಂಗಳಕ್ಕಿಳಿದ.

ಅವನು ಬರುವ ರೀತಿ ಕಂಡೇ ಗುರಮ್ಮ ಗಾಬರಿಯಿಂದ ಎದ್ದಳು. “ಏನಾತೋ? ನನ್ನ ಕಲ್ಯಾಣಿ...”

“ಅಕಿ ಚಲೋ ಆಗತಾಳ. ಬರ್ರಿ, ಆಯಿ.”

ವಾರ್ಡಿನ ಬಾಗಿಲ ತನಕ ಕೈ ಹಿಡಿದು ಕರೆತಂದ. ಆಕೆ ಒಳಗೆ ಹೋಗಿ ಸೊಸೆಯ ಹಣೆ ಮುಟ್ಟಿ, ಮಂಚದ ಪಕ್ಕ ಕೂತಳು. ಅವನು ಹೊಸ್ತಿಲು ದಾಟಲಿಲ್ಲ.

“ನೀನೂ ಬಾರೋ ಒಳಗ,” ಎಂದಳು ಗುರಮ್ಮ.

ಅಮೃತಪ್ಪ ಧೋತರದ ಚುಂಗೆತ್ತಿ ಮೂಗು ಬಾಯಿ ಮುಚ್ಚಿಕೊಂಡು, ತಲೆ ತಗ್ಗಿಸಿ ಅಂದ: “ನಿಮ್ಮ ಜಾಗಾ ನಿಮಗಽ ಒಪ್ಪಿಸೀನಿ, ಆಯಿ. ಕಾಗದದಾಗ ಇದ್ದದ್ದು ನನ್ನ ಹೆಸರು.”