ಮೂವತ್ತೆಂಟು ಸೆಕೆಂಡ್

"ನೀನು ಓದ್ತಿರೋದು ಇದೇ ಅಲ್ವೇನೇ? ನೋಡಿ ಒಂದು ಉತ್ತರ ಬರೆದುಕೊಡು," ಎಂದು ಅಮ್ಮ ನಾಲ್ಕಾಗಿ ಮಡಚಿದ ಕಾಗದವನ್ನು ಮಗಳ ಪುಸ್ತಕದ ಮೇಲಿಟ್ಟು ಕೈಕಾಲು ತೊಳೆಯಲು ಹೋದಳು.

ಮಗಳು ಮ್ಯಾನೇಜ್‌ಮೆಂಟ್ ಮತ್ತು ಕೈಗಾರಿಕಾ ಸಂಬಂಧಗಳ ಪದವಿಯ ಕೊನೆಯ ವರ್ಷದಲ್ಲಿದ್ದಳು. ನೋಟಿಸಿಗೆ ಉತ್ತರ ಬರೆಯುವುದು ಪರೀಕ್ಷೆಯಲ್ಲಿ ಹತ್ತು ಅಂಕದ ಪ್ರಶ್ನೆ, ಅವಳಿಗೆ ನೀರು ಕುಡಿದಷ್ಟು ಸುಲಭ. ಉತ್ಸಾಹದಿಂದಲೇ ಕಾಗದ ಬಿಚ್ಚಿದಳು. ಶರ್ಟ್ ಹೊಲಿಯುವ ಕಾರ್ಖಾನೆಯಲ್ಲಿ ಹದಿನೇಳು ವರ್ಷದಿಂದ ಕಾಲರ್ ಕೂರಿಸುತ್ತಿರುವ ಅಮ್ಮ, ಹೊಸ ಟಾರ್ಗೆಟ್ ಬಂದ ಮೇಲೆ ಒಂದು ದಿನವೂ ಅದನ್ನು ಮುಟ್ಟಿಲ್ಲವಂತೆ. ಕೆಲಸದಿಂದ ಏಕೆ ತೆಗೆಯಬಾರದು ಎಂದು ಮೂರು ದಿನದೊಳಗೆ ತಿಳಿಸಬೇಕಂತೆ. ಸೋಮವಾರ ಮ್ಯಾನೇಜರ್ ಎದುರಿನಲ್ಲಿ ಒಂದು ಗಂಟೆ ಹೊಲಿದು ತೋರಿಸಬೇಕಂತೆ. ಕೊನೆಯ ಸಾಲಿಗೆ ಬಂದಾಗ ಅವಳ ಬೆರಳು ಅಲ್ಲೇ ನಿಂತಿತು. ಒಂದು ಕಾಲರಿಗೆ ನಿಗದಿಯಾದ ಸಮಯ: ಮೂವತ್ತೆಂಟು ಸೆಕೆಂಡ್.

ಆ ಅಂಕಿ ಅವಳದ್ದೇ. ನಾಲ್ಕು ತಿಂಗಳ ಹಿಂದೆ ಪ್ರಾಜೆಕ್ಟಿಗಾಗಿ ಸ್ಟಾಪ್‌ವಾಚ್ ಹಿಡಿದು ಅಮ್ಮನ ಮೆಷಿನ್ ಎದುರು ಇಡೀ ದಿನ ನಿಂತಿದ್ದಳು. ಒಳಗೆ ಬಿಟ್ಟಿದ್ದಕ್ಕೆ ಕಾರ್ಖಾನೆಯವರು ಕೇಳಿದ್ದು ವರದಿಯ ಒಂದು ಪ್ರತಿ ಮಾತ್ರ. ಇಷ್ಟೇ ತಾನೇ ಎಂದು ಅಂದವಾಗಿ ಬೈಂಡ್ ಮಾಡಿಸಿ ಕೊಟ್ಟು ಬಂದಿದ್ದಳು. ಕಾಲೇಜಿನಲ್ಲೂ ಅದಕ್ಕೇ ಮೊದಲ ಸ್ಥಾನ. ಸಮಯ ಅಳೆಯುವಾಗ ಕೆಲಸಗಾರರು ಬೇಕೆಂದೇ ನಿಧಾನ ಮಾಡುತ್ತಾರೆ, ಎಚ್ಚರವಿರಲಿ ಎಂದು ಪುಸ್ತಕ ಹೇಳಿತ್ತು. ಅವಳು ಎಚ್ಚರದಿಂದಲೇ ಇದ್ದಳು. ಅಮ್ಮ ನಿಧಾನ ಮಾಡಿರಲಿಲ್ಲ.

"ಅಮ್ಮಾ, ಮೊದಲು ಗಂಟೆಗೆ ಎಷ್ಟು ಕಾಲರ್ ಮಾಡ್ತಿದ್ದೆ?"

"ಎಪ್ಪತ್ತು. ಎಲ್ಲರದ್ದೂ ಅಷ್ಟೇ. ಈಗ ತೊಂಬತ್ತೈದು ಕೇಳ್ತಾರೆ. ಎಂಬತ್ತು ಮುಟ್ಟೋ ಹೊತ್ತಿಗೆ ಜೀವ ಬಾಯಿಗೆ ಬರುತ್ತೆ. ಇನ್ನೂ ಮೂರು ಜನಕ್ಕೆ ನೋಟಿಸ್ ಬಂದಿದೆ."

"ಮತ್ತೆ ಅವತ್ತು?"

ಅಮ್ಮ ಊಟದ ಡಬ್ಬಿಯ ಮುಚ್ಚಳ ತೆಗೆದಳು. ಅರ್ಧ ಊಟ ಹಾಗೇ ಇತ್ತು. ಎರಡು ತಿಂಗಳಿಂದ ಡಬ್ಬಿ ಹೀಗೇ ಬರುತ್ತಿತ್ತು. ಹೊಟ್ಟೆ ಸರಿಯಿಲ್ಲ ಎಂದು ಅಮ್ಮ ಹೇಳಿದ್ದನ್ನು ಮಗಳು ನಂಬಿದ್ದಳು. ಪರೀಕ್ಷೆಯ ಗಡಿಬಿಡಿಯಲ್ಲಿ ನಂಬುವುದೇ ಅನುಕೂಲವಾಗಿತ್ತು.

"ನಿನ್ನ ಜೊತೆ ಕೆಲಸ ಮಾಡೋರಿಗೆಲ್ಲ ಗೊತ್ತಾ, ಈ ಲೆಕ್ಕ ನಾನು ಬರೆದುಕೊಟ್ಟಿದ್ದು ಅಂತ?"

"ಗೊತ್ತಿಲ್ದೆ ಏನು? ನೀನು ಗಡಿಯಾರ ಹಿಡ್ಕೊಂಡು ನಿಂತಿದ್ದನ್ನ ನಲವತ್ತು ಜನ ನೋಡಿದಾರೆ. ನನಗೀಗ ಸೆಕೆಂಡಮ್ಮ ಅಂತ ಹೆಸರಿಟ್ಟಿದಾರೆ." ಅಮ್ಮ ನಗಲು ನೋಡಿದಳು, ಆಗಲಿಲ್ಲ. "ಊಟಕ್ಕೆ ಯಾರೂ ಜೊತೆಗೆ ಕೂರಲ್ಲ. ಒಬ್ಬಳೇ ಕೂತು ತಿಂದ್ರೆ ಸೇರಲ್ಲ ಕಣೇ."

ಮಗಳು ಪುಸ್ತಕ ಮುಚ್ಚಿದಳು. ಒಂದು ಹಾಳೆ ಎಳೆದುಕೊಂಡು, 'ಮೂವತ್ತೆಂಟು ಸೆಕೆಂಡ್ ಎಂಬ ಲೆಕ್ಕ ತಪ್ಪು. ಆ ಲೆಕ್ಕ ಮಾಡಿದವಳು ನಾನು' ಎಂದು ಬರೆದು ಜೋರಾಗಿ ಓದಿದಳು. ಅಮ್ಮ ಓಡಿಬಂದು ಅವಳ ಕೈಯನ್ನು ಪೆನ್ನಿನ ಸಮೇತ ಹಿಡಿದುಕೊಂಡಳು.

"ಹುಚ್ಚಿ! ಇದು ಕಾಲೇಜಿನವರಿಗೆ ಗೊತ್ತಾದ್ರೆ ನಿನ್ನ ಪ್ರಾಜೆಕ್ಟಿನ ಗತಿ ಏನು? ಕೊನೇ ವರ್ಷ ಬೇರೆ. ವಯಸ್ಸಾಯ್ತು, ಕೈ ನಿಧಾನ ಆಗಿದೆ, ಇದೊಂದ್ಸಲ ಮನ್ನಿಸಿ ಅಂತ ಬರಿ, ಸಾಕು."

"ಸುಳ್ಳು ಬರೀಲಾ?"

"ನಿನ್ನ ಲೆಕ್ಕ ತಪ್ಪು ಅನ್ನೋದೂ ಸುಳ್ಳೇ ತಾನೇ? ಅವತ್ತು ನಿಜವಾಗ್ಲೂ ಮೂವತ್ತೆಂಟರಲ್ಲೇ ಮಾಡಿದೀನಿ. ನೀರು ಕುಡೀಲಿಲ್ಲ, ಬಾತ್‌ರೂಮಿಗೂ ಏಳಲಿಲ್ಲ." ಆ ಹೊತ್ತಿನಲ್ಲೂ ಅಮ್ಮನ ಮುಖದಲ್ಲಿ ಹೆಮ್ಮೆ ಇಣುಕಿತು. "ಹದಿನೇಳು ವರ್ಷದಲ್ಲಿ ನನ್ನ ಕೆಲಸ ನೋಡೋಕೆ ಅಂತ ಮನೆಯೋರು ಯಾರು ಬಂದಿದ್ರು ಹೇಳು? ನೀನು ಎದುರಿಗೆ ನಿಂತಿದ್ದೆ. ಕೈ ತಾನಾಗೇ ಓಡ್ತು."

ಮಗಳು ಅತ್ತಳು. ಅಮ್ಮ ಸಮಾಧಾನ ಮಾಡಲಿಲ್ಲ. ನೋಟಿಸನ್ನು ಮತ್ತೆ ನಾಲ್ಕಾಗಿ ಮಡಚುತ್ತಾ ಏನೋ ಯೋಚಿಸುತ್ತಿದ್ದಳು. ಕೊನೆಗೆ, ಕೇಳಲೋ ಬೇಡವೋ ಎಂಬಂತೆ ಕೇಳಿದಳು.

"ಸೋಮವಾರ ನಿನಗೆ ಕಾಲೇಜಿದೆಯೇನೇ? ಒಂದೇ ಒಂದು ಗಂಟೆ ಬಂದು ಅಲ್ಲೇ ಎದುರಿಗೆ ನಿಂತ್ಕೊಳ್ತೀಯಾ?"