ಮೂವತ್ತೊಂಬತ್ತನೆಯ ತಲೆ

ತಾಳೆಯ ಕೈಯಲ್ಲಿದ್ದ ಪಟ್ಟಿಯಲ್ಲಿ ಮೂವತ್ತೆಂಟು ಹೆಸರು. ಬೆಂಚುಗಳ ಮೇಲೆ ಮೂವತ್ತೊಂಬತ್ತು ತಲೆ. ಮೂರು ಸಲ ಎಣಿಸಿದಳು. ಮೂವತ್ತೊಂಬತ್ತೇ.

ತಾಳೆ ಅವಳ ಅಡ್ಡಹೆಸರು. ಅಂಗಡಿಯ ಚೀಟಿಯನ್ನೂ ಬಸ್ಸಿನ ಟಿಕೆಟ್ಟನ್ನೂ ತಾಳೆ ನೋಡದೆ ಬಿಡದವಳಿಗೆ ತರಗತಿ ಇಟ್ಟ ಹೆಸರು. ಲೆಕ್ಕಶಾಸ್ತ್ರ ಮತ್ತು ಹಣಕಾಸು ಪದವಿಯ ಎರಡನೆಯ ವರ್ಷ. ಲೆಕ್ಕಪರಿಶೋಧನೆಯ ಪತ್ರಿಕೆಯಲ್ಲಿ ಕಳೆದ ಸಲ ಮೂರು ಅಂಕಕ್ಕೆ ಮುಗ್ಗರಿಸಿದ್ದಳು. ಈ ಸಲವೂ ಬಿದ್ದರೆ ಒಂದು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಅದಕ್ಕೇ ಹೊಸ ಮೇಷ್ಟ್ರು ಮೊದಲನೆಯ ದಿನ ಹೇಳಿದ ಮಾತು ಅವಳ ಕಿವಿಯಲ್ಲಿ ಕೂತುಬಿಟ್ಟಿತ್ತು.

“ಈ ಕೋಣೇಲಿ ಒಬ್ಬರು ನಕಲಿ ಇದ್ದಾರೆ. ಎರಡು ವಾರ ಟೈಮು. ಯಾರು ಅಂತ ಪುರಾವೆ ಸಮೇತ ಬರ್ಕೊಡಿ. ಇಪ್ಪತ್ತು ಅಂಕ.”

ಮೇಷ್ಟ್ರದು ಕಂಚಿನ ಕಂಠ. ಹಾಳೆ ನೋಡಿಕೊಂಡು ಓದಿದರೂ ಯುದ್ಧ ಸಾರಿದಂತೆ ಓದುತ್ತಿದ್ದರು. ಯಾರಾದರೂ ಸಂದೇಹ ಕೇಳಿದರೆ ಮೀಸೆಯ ಮೇಲೆ ಬೆರಳಾಡಿಸಿ, “ಇವತ್ತು ನೀವು ಯೋಚ್ನೆ ಮಾಡಿ, ನಾಳೆ ನಾನು ಹೇಳ್ತೀನಿ” ಎನ್ನುತ್ತಿದ್ದರು. ವಿದ್ಯಾರ್ಥಿಗಳ ಬುದ್ಧಿಯನ್ನು ಇಷ್ಟು ಗೌರವಿಸುವ ಗುರು ಹಿಂದೆ ಯಾರೂ ಬಂದಿರಲಿಲ್ಲ ಎಂದು ಎಲ್ಲರಿಗೂ ಹೆಮ್ಮೆ.

ತರಗತಿಯಲ್ಲಿ ಅನುಮಾನದ ಗಾಳಿ ಬೀಸಿತು. ಪೆನ್ನು ಸಾಲ ಕೊಡುವವರೂ ಗುರುತಿನ ಚೀಟಿ ಕೇಳತೊಡಗಿದರು. ಕಿಟಕಿಯ ಪಕ್ಕದ ಗೊರಕೆರಾಯನ ಮೇಲೆ ಮೊದಲು ಕಣ್ಣು ಬಿತ್ತು. ಆದರೆ ಅಷ್ಟು ಗಾಢವಾಗಿ ನಿದ್ದೆ ಮಾಡುವವನು ಅಸಲಿ ವಿದ್ಯಾರ್ಥಿಯೇ ಇರಬೇಕೆಂದು ಎಲ್ಲರೂ ಒಪ್ಪಿಕೊಂಡರು.

ತಾಳೆ ಊಹೆಯ ತಂಟೆಗೆ ಹೋಗಲಿಲ್ಲ. ಕಚೇರಿಯ ಗುಮಾಸ್ತರಿಂದ ಶುಲ್ಕ ಕಟ್ಟಿದವರ ಪಟ್ಟಿ ತಂದು ಒಬ್ಬೊಬ್ಬರ ರಸೀದಿಯನ್ನೂ ನೋಡಿ ಗೀಟು ಹಾಕಿದಳು. ಮೂವತ್ತೆಂಟು ಗೀಟು ಮುಗಿದ ಮೇಲೆ ಉಳಿದದ್ದು ಒಂದೇ ತಲೆ. ಅರ್ಧ ನರೆತದ್ದು. ತರಗತಿಯೆಲ್ಲ ದೊಡ್ಡಮ್ಮ ಎಂದು ಕರೆಯುತ್ತಿದ್ದವರದು.

ಬೇರೆ ಯಾರಾಗಿದ್ದರೂ ಆಗುತ್ತಿತ್ತು.

ಐವತ್ತು ದಾಟಿದ ಆ ಹೆಂಗಸು ದಿನವೂ ಎಲ್ಲರಿಗಿಂತ ಮೊದಲು ಬಂದು ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಬರೆಯುತ್ತಿದ್ದರು. ಹಾಜರಿ ಹಾಳೆ ಬಂದರೆ ಸಹಿ ಹಾಕದೆ ಪಕ್ಕದವರಿಗೆ ದಾಟಿಸುತ್ತಿದ್ದರು. ಮೊದಲ ವಾರ ಸವಕಳಿಯ ಲೆಕ್ಕ ತಲೆಗೆ ಹತ್ತದೆ ಮೆಟ್ಟಿಲ ಮೇಲೆ ಅಳುತ್ತ ಕೂತಿದ್ದ ತಾಳೆಯ ಪಕ್ಕದಲ್ಲಿ ಕೂತು, “ನಿನ್ನ ಚಪ್ಪಲಿ ನೋಡು. ಕೊಂಡ ಬೆಲೆಗೆ ಈಗ ಯಾರಾದ್ರೂ ತಗೋತಾರಾ? ಎಷ್ಟು ಸವೆದಿದೆಯೋ ಅಷ್ಟು ಕಳಿ, ಅಷ್ಟೇ” ಎಂದು ಐದೇ ನಿಮಿಷದಲ್ಲಿ ಬಿಡಿಸಿಟ್ಟವರು ಅವರೇ.

ಮಧ್ಯಾಹ್ನ ನೀರಿನ ನಲ್ಲಿಯ ಬಳಿ ತಾಳೆ ಅವರನ್ನು ಹಿಡಿದಳು.

“ದೊಡ್ಡಮ್ಮ, ನಿಮ್ಮ ಶುಲ್ಕದ ರಸೀದಿ ಇದೆಯಾ?”

“ಇಲ್ಲಮ್ಮ. ನಾನು ಬಿಡಿಗಾಸೂ ಕಟ್ಟಿಲ್ಲ.”

“ಮತ್ತೆ ದಿನಾ ಯಾಕೆ ಬರ್ತೀರಿ?”

“ಈ ವಿಷಯ ಅಂದ್ರೆ ನಂಗೆ ಪ್ರಾಣ. ಮನೇಲಿ ಕೂತ್ರೆ ಹೊತ್ತೇ ಹೋಗಲ್ಲ.”

“ಗೊತ್ತಾದ್ರೆ ಎಬ್ಬಿಸಿ ಕಳಿಸ್ತಾರೆ.”

ದೊಡ್ಡಮ್ಮ ಬಾಟಲಿಯ ಮುಚ್ಚಳ ತಿರುಗಿಸಿದರು. “ನೀನು ಕಂಡದ್ದನ್ನ ಬರಿ. ಮುಖ ನೋಡಿ ಮಣೆ ಹಾಕೋದು ನಮ್ಮ ಕೆಲಸ ಅಲ್ಲ.”

ಸಂಜೆ ಅಣ್ಣನ ಟೈಲರ್ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತ ತಾಳೆ ಎಲ್ಲವನ್ನೂ ಹೇಳಿದಳು. “ಬರೆದ್ರೆ ಅವರು ಹೋಗ್ತಾರೆ. ಬರೀದಿದ್ರೆ ನಾನು ಹೋಗ್ತೀನಿ. ಸುಳ್ಳು ಬರೆಯೋಕಂತೂ ಕೈ ಬರಲ್ಲ ಅಣ್ಣಾ.”

ಅಣ್ಣ ಹೊಲಿಗೆ ಯಂತ್ರ ನಿಲ್ಲಿಸಿದ. “ಬಟ್ಟೆ ಸಾಲದಿದ್ರೆ ನಾವೇನ್ಮಾಡ್ತೀವಿ? ಒಂದು ತುಂಡು ಸೇರಿಸ್ತೀವಿ.”

ಮರುದಿನ ತಾಳೆ ಗುಮಾಸ್ತರ ಮುಂದೆ ನಿಂತಳು. ಗುಂಡಿ ಹೊಲಿದು ಕೂಡಿಟ್ಟ ಹಣದಲ್ಲಿ ಬೇರೆಯವರ ಶುಲ್ಕದ ಮೊದಲ ಕಂತು ಕಟ್ಟಬಹುದೇ ಎಂದು ಕೇಳಿದಳು.

“ಯಾರಿಗಮ್ಮಾ?”

ಅಂಗಳ ದಾಟುತ್ತಿದ್ದ ದೊಡ್ಡಮ್ಮನನ್ನು ತೋರಿಸಿದಳು. ಗುಮಾಸ್ತರಿಗೆ ಕೆಮ್ಮು ಹತ್ತಿತು. ನೀರು ಕುಡಿದು, ಕಣ್ಣೊರೆಸಿಕೊಂಡು, “ಅರ್ಜಿ ಬರ್ದು ಮೇಷ್ಟ್ರಿಗೇ ಕೊಡು” ಎಂದರು.

ಹದಿನಾಲ್ಕನೆಯ ದಿನ ವರದಿ ಕೊಟ್ಟವಳು ತಾಳೆ ಒಬ್ಬಳೇ. ಮೇಷ್ಟ್ರು ಎದ್ದುನಿಂತು ಗಟ್ಟಿಯಾಗಿ ಓದಿದರು: “ಕೊನೆಯ ಬೆಂಚಿನ ದೊಡ್ಡಮ್ಮನವರ ಹೆಸರು ಪಟ್ಟಿಯಲ್ಲಿಲ್ಲ, ರಸೀದಿಯೂ ಇಲ್ಲ. ಇಂಥ ಕಲಿಯುವವರನ್ನು ಕಳೆದುಕೊಂಡರೆ ನಷ್ಟ ಕಾಲೇಜಿಗೆ. ಅವರನ್ನು ಸೇರಿಸಿಕೊಳ್ಳಬೇಕೆಂದು ಕೋರುತ್ತೇನೆ. ಮೊದಲ ಕಂತು ನಾನು ಕಟ್ಟುತ್ತೇನೆ.”

ಕಂಚಿನ ಕಂಠ ಕೊನೆಯ ಸಾಲನ್ನು ಎರಡು ಸಲ ಓದಿತು. ಮೇಷ್ಟ್ರು ಹಿಂದಿನ ಬೆಂಚಿನತ್ತ ನೋಡಿದರು. ಎಲ್ಲರೂ ತಿರುಗಿದರು. ತಾಳೆ ಮಾತ್ರ ತಲೆ ತಗ್ಗಿಸಿದಳು.

ದೊಡ್ಡಮ್ಮ ಎದ್ದರು. ಬಾಗಿಲಿನ ಕಡೆಗೆ ಹೋಗಲಿಲ್ಲ. ನೇರ ಕಪ್ಪು ಹಲಗೆಗೆ ಬಂದು ಸೀಮೆಸುಣ್ಣ ತೆಗೆದುಕೊಂಡರು.

“ರಸೀದಿ ಇಲ್ಲ, ನಿಜ. ಪಾಠ ಮಾಡೋಕೆ ಸಂಬಳ ತಗೊಳ್ಳೋರಿಗೆ ಶುಲ್ಕದ ರಸೀದಿ ಯಾರು ಕೊಡ್ತಾರೆ? ನಾನು ವಿದ್ಯಾರ್ಥಿ ಅಂತ ಯಾವತ್ತೂ ಹೇಳಿಲ್ಲ, ನೀವೂ ಕೇಳಿಲ್ಲ. ಪುರಾವೆ ಸರಿ, ತೀರ್ಮಾನ ತಪ್ಪು. ತಾಳೆಗೆ ಹತ್ತು ಅಂಕ. ಆ ಅರ್ಜಿ ಮಾತ್ರ ನಂಗೆ ಬೇಕು, ಇಟ್ಕೋತೀನಿ.” ಅವರು ಹಲಗೆಯ ಮೇಲೆ ದೊಡ್ಡದಾಗಿ ನಲವತ್ತು ಎಂದು ಬರೆದರು. “ಕೋಣೇಲಿ ಇದ್ದೋರು ಇಷ್ಟು ಜನ. ಬೆಂಚಿನ ಮೇಲೆ ಇದ್ದೋರನ್ನೆಲ್ಲ ಜಾಲಾಡಿದ್ರಿ. ಇಲ್ಲಿ ನಿಂತು ಪಾಠ ಓದಿದೋರ ನೇಮಕದ ಪತ್ರ ಒಬ್ಬರೂ ಕೇಳಲಿಲ್ಲ.”

ಆಮೇಲೆ ಮೇಷ್ಟ್ರ ಕಡೆ ತಿರುಗಿ ಹೇಳಿದರು: “ರೀ, ನಾಟಕ ಮುಗೀತು, ಇಳೀರಿ. ಮನೆ ಬೀಗದ ಕೈ ನನ್ನ ಚೀಲದಲ್ಲಿದೆ.”