ಎರಡು ಪಾಯಿಂಟ್ ಏಳೋ, ಮೂರು ಪಾಯಿಂಟ್ ನಾಲ್ಕೋ

ಅರ್ಜಿ ಕಳಿಸಲು ಉಳಿದಿದ್ದದ್ದು ನಲವತ್ತೇ ನಿಮಿಷ. ಖಾಲಿ ಇದ್ದದ್ದು ಒಂದೇ ಖಾನೆ. ಧನಲಕ್ಷ್ಮಿ ಅದರಲ್ಲಿ ಒಂದು ಅಂಕೆ ಹಾಕುತ್ತಿದ್ದಳು, ಅಳಿಸುತ್ತಿದ್ದಳು, ಮತ್ತೆ ಹಾಕುತ್ತಿದ್ದಳು. ರಾಮನಗರದ ಐಜೂರಿನ ಸೈಬರ್ ಸೆಂಟರಿನ ಮಾಲೀಕ ಮುಕ್ತಿಯಾರ್ ತಲೆಯ ಮೇಲೆ ಕೈಹೊತ್ತು ಕೂತಿದ್ದ. ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವಳ ಅಪ್ಪ ದೊಡ್ಡಮುನಿಯಪ್ಪ ಮುಖ ಗಂಟು ಹಾಕಿಕೊಂಡಿದ್ದ.

ವಿಷಯ ಇಷ್ಟೇ. ಹುಡುಗಿ ಬಿ.ಫಾರ್ಮ ಮುಗಿಸಿದ್ದಾಳೆ, ಶೇಕಡಾ ಅರವತ್ತೆಂಟು. ಮಲೇಷ್ಯಾದ ಒಂದು ಫಾರ್ಮಸಿ ಕಾಲೇಜಿನಲ್ಲಿ ಮುಂದೆ ಓದುವ ಆಸೆ. ಆ ಪುಣ್ಯಾತ್ಮರಿಗೆ ನಮ್ಮ ಶೇಕಡಾ ಬೇಡ. ಜಿಪಿಎ ಬೇಕು, ಅದೂ ನಾಲ್ಕಕ್ಕೆ. ಅರವತ್ತೆಂಟನ್ನು ಇಪ್ಪತ್ತೈದರಿಂದ ಭಾಗಿಸಿದರೆ ಎರಡು ಪಾಯಿಂಟ್ ಏಳು. ನಮ್ಮಲ್ಲಿ ಅರವತ್ತು ದಾಟಿದರೇ ಫಸ್ಟ್ ಕ್ಲಾಸು ಎಂಬುದನ್ನು ಗಮನದಲ್ಲಿಟ್ಟುಕೊಂಡು, ಅಂಕವನ್ನು ಜಿಪಿಎಗೆ ಬದಲಿಸುವ ಪಟ್ಟಿ ನೋಡಿ ಒಂದೊಂದೇ ವಿಷಯವನ್ನು ಪರಿವರ್ತಿಸಿದರೆ ಮೂರು ಪಾಯಿಂಟ್ ನಾಲ್ಕು. ಎರಡೂ ನಡೆಯುತ್ತದೆ, ಯಾವ ವಿಧಾನ ಎಂದು ತಿಳಿಸಿದರೆ ಸಾಕು ಎಂದು ಕಾಲೇಜೇ ಬರೆದಿತ್ತು.

ಪೀಕಲಾಟ ಶುರುವಾದದ್ದೇ ಅಲ್ಲಿ. ಗೆಳತಿಯರೆಲ್ಲ ಭಾಗಿಸಿಯೇ ಹಾಕಿದ್ದರು. ತಾನೊಬ್ಬಳೇ ದೊಡ್ಡದು ಹಾಕಿದರೆ ಉಬ್ಬಿಸಿದ್ದಾಳೆ ಎಂದು ಮೂಲೆಗೆ ಎಸೆದುಬಿಟ್ಟರೆ? ಚಿಕ್ಕದು ಹಾಕಿ ಮೊದಲ ಸುತ್ತಿನಲ್ಲೇ ಬಿದ್ದುಹೋದರೆ? ಸ್ಕಾಲರ್‌ಶಿಪ್ ಇದ್ದದ್ದು ಈ ವರ್ಷಕ್ಕೆ ಮಾತ್ರ. ಈ ಸಲ ತಪ್ಪಿದರೆ ಅವಳ ಓದು ಅಲ್ಲಿಗೇ ಮುಗಿಯಿತು.

ಎರಡು ದಿನದಿಂದ ಮನೆಯಲ್ಲಿ ಇದೇ ರಾಮಾಯಣ. ಅಪ್ಪ ಟಿವಿಯ ಸೌಂಡು ಜಾಸ್ತಿ ಮಾಡಿದ. ಅಮ್ಮ ವರಲಕ್ಷ್ಮಮ್ಮ ಎಲ್ಲವನ್ನೂ ಕೇಳಿಸಿಕೊಂಡು, ಎರಡೆರಡು ಸಲ ಹೇಳಿಸಿ, ಕೊನೆಗೆ ತೀರ್ಪು ಕೊಟ್ಟಳು: ಅಪ್ಪನನ್ನು ಕರೆದುಕೊಂಡು ಹೋಗು, ಅವರು ಯಾವ ನಂಬರ್ ಹೇಳುತ್ತಾರೋ ಅದನ್ನೇ ಹಾಕು, ಎದುರು ಮಾತಾಡಬೇಡ. ಧನಲಕ್ಷ್ಮಿಗೆ ಅಳುವೇ ಬಂತು. ಕುರಿ ಕಾಯುವ ಕೆಲಸವನ್ನು ತೋಳಕ್ಕೆ ಕೊಟ್ಟ ಹಾಗಾಯಿತಲ್ಲ!

ಯಾಕೆಂದರೆ ಮಗಳು ಹೋಗುವುದೇ ಅಪ್ಪನಿಗೆ ಬೇಡ. ರಾಮನಗರದಲ್ಲಿ ಅವನದು ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಸಣ್ಣ ಘಟಕ. ಗೂಡಿನ ಮಾರುಕಟ್ಟೆಗೆ ಮಗಳಿಲ್ಲದೆ ಕಾಲಿಡುವವನಲ್ಲ. ಅವಳು ನಾಲ್ಕು ಗೂಡು ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಹೂಂ ಎಂದರೆ ಮಾತ್ರ ಹರಾಜಿಗೆ ಇಳಿಯುತ್ತಿದ್ದ. ಆರೂವರೆ ಕಿಲೋ ಗೂಡಿಗೇ ಒಂದು ಕಿಲೋ ನೂಲು ಬಂದ ದಿನ ಮಗಳಿಗೆ ಮಸಾಲೆದೋಸೆ. ಎಂಟು ಕಿಲೋ ಗೂಡು ನುಂಗಿದ ದಿನ ಇಡೀ ಘಟಕಕ್ಕೆ ಬೈಗುಳ. ಇಂಥ ಮಗಳು ಹೊರಟುಬಿಟ್ಟರೆ ಅವನಿಗೆ ತಡೆಯಲಾಗದು. ಹಾಗೆಂದು ಬಾಯಿಬಿಟ್ಟು ಹೇಳಲು ಬಿಗುಮಾನ. ಅದಕ್ಕೇ ಒಂದು ತಿಂಗಳಿಂದ ಮಲೇಷ್ಯಾದ ಊಟ, ಹವೆ, ಹಾವು ಎಲ್ಲವನ್ನೂ ದೂರುತ್ತಿದ್ದ.

ಇಷ್ಟಾದರೂ ಒಳ್ಳೆಯ ಮನುಷ್ಯ. ಮೊನ್ನೆ ಪಕ್ಕದ ಮನೆಯ ಮುನೇಶ್ ಬಂದು, ತನ್ನ ಮಗನೂ ಅದೇ ಕಾಲೇಜಿಗೆ ಅರ್ಜಿ ಹಾಕಿದ್ದಾನೆ, ಅವನದು ಮೂರು ಪಾಯಿಂಟ್ ಎಂಟು ಎಂದಾಗ, ದೊಡ್ಡಮುನಿಯಪ್ಪ ಅವನ ಭುಜ ತಟ್ಟಿದ. ಒತ್ತಾಯ ಮಾಡಿ ಎರಡನೇ ಲೋಟ ಕಾಫಿ ಕುಡಿಸಿದ. ಕಾಫಿ ತಂದ ವರಲಕ್ಷ್ಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಸೈಬರ್ ಸೆಂಟರಿನಲ್ಲಿ ಇನ್ನು ಹತ್ತು ನಿಮಿಷ ಉಳಿದಿತ್ತು. ಮುಕ್ತಿಯಾರ್ ಕೈಮುಗಿದು, ಯಾವುದೋ ಒಂದು ಹೇಳಿಬಿಡಿ ಅಣ್ಣ ಎಂದು ಗೋಗರೆದ. ಧನಲಕ್ಷ್ಮಿ ತಿರುಗಿ ಅಪ್ಪನ ಕಡೆ ನೋಡಿದಳು.

"ಎರಡು ಪಾಯಿಂಟ್ ಏಳು ಹಾಕ್ಲಾ, ಮೂರು ಪಾಯಿಂಟ್ ನಾಲ್ಕು ಹಾಕ್ಲಾ? ನೀನು ಹೇಳಿದ್ದೇ ಹಾಕ್ತೀನಿ ಅಪ್ಪ."

ಅವನು ಮಗಳ ಮುಖ ನೋಡಿದ. ಕಣ್ಣು ತುಂಬಿ ಬಂತು. ಟವೆಲ್ಲಿನಲ್ಲಿ ಒರೆಸಿಕೊಂಡ.

"ಮೂರು ಪಾಯಿಂಟ್ ನಾಲ್ಕು ಹಾಕು ಮಗ. ಆಗೋದೆಲ್ಲ ಒಳ್ಳೇದ್ಕೇ."

ಧನಲಕ್ಷ್ಮಿ ಅಲ್ಲೇ ಅತ್ತುಬಿಟ್ಟಳು. ಮುಕ್ತಿಯಾರ್ ಕೂಡ ಕಣ್ಣೊರೆಸಿಕೊಂಡ. ಒಂದು ತಿಂಗಳು ಹಠ ಹಿಡಿದ ಮನುಷ್ಯ ಕೊನೆಯ ಗಳಿಗೆಯಲ್ಲಿ ಕರಗಿದನಲ್ಲ, ಹೆತ್ತ ಕರುಳು ಎಂದರೆ ಸುಮ್ಮನೆಯೇ! ಆ ಸಂಜೆ ಅಪ್ಪ ಮಗಳನ್ನು ಹೋಟೆಲಿಗೆ ಕರೆದೊಯ್ದು ದೋಸೆ ಕೊಡಿಸಿದ. ತಿಂಗಳಿಂದ ನಗದವನು ಅಂದು ಇಬ್ಬರ ಪಾಲಿನದೂ ನಕ್ಕ.

ಆರು ವಾರಕ್ಕೆ ಕಾಗದ ಬಂತು. ಸೀಟು ಸಿಕ್ಕಿತ್ತು, ಸ್ಕಾಲರ್‌ಶಿಪ್ಪೂ ಸಿಕ್ಕಿತ್ತು. ಮೂರಕ್ಕಿಂತ ಕಡಿಮೆ ಇದ್ದ ಅರ್ಜಿಗಳನ್ನು ತೆರೆದೇ ನೋಡಲಿಲ್ಲವೆಂದೂ ಅದರಲ್ಲಿ ಬರೆದಿತ್ತು. ಮುಕ್ತಿಯಾರ್ ಊರಿಗೆಲ್ಲ ಸುದ್ದಿ ಹಂಚಿದ. ಮುನೇಶ್ ಕೂಡ ಸಿಹಿ ಹಿಡಿದು ಬಂದ, ಅವನ ಮಗನಿಗೂ ಸಿಕ್ಕಿತ್ತು. ಅಪ್ಪ ಅಂದರೆ ಹೀಗಿರಬೇಕು ಎಂದು ಬೀದಿಯೇ ಹೊಗಳಿತು. ಧನಲಕ್ಷ್ಮಿ ಅಪ್ಪನ ಕಾಲಿಗೆ ಬಿದ್ದು, ನೀನಿಲ್ಲದಿದ್ದರೆ ಚಿಕ್ಕದನ್ನೇ ಹಾಕಿಬಿಡುತ್ತಿದ್ದೆ ಎಂದಳು. ದೊಡ್ಡಮುನಿಯಪ್ಪ ಗೂಡಿನ ಮೂಟೆಯ ಮೇಲೆ ಕುಸಿದು ಕೂತ. ಪಾಪ, ಸಂತೋಷ ತಡೆಯಲಾಗಲಿಲ್ಲ ಎಂದುಕೊಂಡರು ಜನ.

ಎಲ್ಲರೂ ಹೋದ ಮೇಲೆ ಅವನು ಘಟಕದೊಳಗೆ ಹೆಂಡತಿಯ ಪಕ್ಕ ಬಂದು ನಿಂತ.

"ಕೆಟ್ಟ ನಂಬರ್ ಹಾಕ್ಸಿದ್ರೆ ಸೀಟು ತಪ್ಪೋಯ್ತದೆ ಅಂತ ದೊಡ್ಡದು ಹೇಳ್ಬುಟ್ಟೆ ಕಣೆ. ಗೂಡಲ್ಲಿ ನಂಬರ್ ಕಮ್ಮಿ ಬಂದಷ್ಟೂ ತಾನೆ ಒಳ್ಳೇದು? ಸಿಇಟಿ ರ್‍ಯಾಂಕೂ ಹಂಗೇ ಅಲ್ವಾ?"

ವರಲಕ್ಷ್ಮಮ್ಮ ಬಿಸಿನೀರಿನಲ್ಲಿದ್ದ ಗೂಡುಗಳಿಂದ ಕಣ್ಣು ಎತ್ತಲಿಲ್ಲ.

"ನೀವು ಹಂಗೇ ಹೇಳ್ತೀರಿ ಅಂತ ಗೊತ್ತಿದ್ದೇ, ನಿಮ್ಮನ್ನೇ ಕೇಳು ಅಂತ ಕಳಿಸಿದ್ದು."